ನವನಗರದಿಂದ ಕಮರಿಪೇಟೆಯ ಪೆನ್‌ಡ್ರೈವ್ ತೆರೆದ ಭಾಗ್ಯಶ್ರೀ

ಭಾಗ್ಯಶ್ರೀಗೆ ನಗು ಬರುತ್ತಿದ್ದದ್ದೇ ಬರಬಾರದ ಹೊತ್ತಿನಲ್ಲಿ. ತನ್ನ ಮದುವೆಯಲ್ಲಿ ಅಕ್ಷತೆ ಬೀಳುವಾಗ ನಕ್ಕಿದ್ದಳು. ಬ್ಯಾಂಕಿನ ಮ್ಯಾನೇಜರರು ಮುಖ ಬಿಗಿದುಕೊಂಡು ಸಹಿ ಕೇಳಿದಾಗ ನಕ್ಕಿದ್ದಳು. ಈ ಸಲವಂತೂ ನಗುತ್ತಲೇ ಕಾಲು ಮುರಿದುಕೊಂಡಳು. ಅತ್ತೆ ಶಿವಲಿಂಗವ್ವನವರು ಥ್ರೋಬಾಲ್ ಆಟದಲ್ಲಿ ಚೆಂಡು ಎಸೆಯುವುದನ್ನು ಗಂಡನಿಗೆ ಅಣಕಿಸಿ ತೋರಿಸಲು ಹೋಗಿ, ಗರ್ರನೆ ಒಂದು ಸುತ್ತು ತಿರುಗಿ, ಮನೆಯ ಕಟ್ಟೆಯಿಂದ ಕೆಳಗುರುಳಿದ್ದಳು. ಪ್ಲಾಸ್ಟರ್ ಹಾಕಿದ ಡಾಕ್ಟರು ಕಾರಣ ಕೇಳಿದಾಗಲೂ ಉತ್ತರ ಹೇಳಲಾಗದಷ್ಟು ನಗು.

ಮನೆ ನವನಗರದಲ್ಲಿ, ಅಂಗಡಿ ಕಮರಿಪೇಟೆಯಲ್ಲಿ. ಸೀರೆ, ಕುಪ್ಪಸ, ಟೋಪಿಗಳ ಮೇಲೆ ಕಂಪ್ಯೂಟರ್ ಕಸೂತಿ ಹಾಕಿಕೊಡುವ ಸಣ್ಣ ಅಂಗಡಿ. ಹತ್ತಿ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಭಾಗ್ಯಶ್ರೀ ಹೊಲಿಗೆ ಕಲಿತದ್ದು ಮದುವೆಯಾದ ಮೇಲೆ, ಕಂಪ್ಯೂಟರ್ ಕಲಿತದ್ದು ಇನ್ನೂ ತಡವಾಗಿ. ಅವಳು ಕೊಂಡ ಹಳೆಯ ಕಂಪ್ಯೂಟರು ಬೇರೇನನ್ನೂ ತಾಳಿಕೊಳ್ಳುವುದಿಲ್ಲವೆಂದು ರಿಪೇರಿಯ ಏಕನಾಥ ಅದಕ್ಕೆ ಕಂಪ್ಯೂಟರ್ ನಡೆಸುವ ಹಗುರ ತಂತ್ರಾಂಶವಾದ ಲಿನಕ್ಸ್ ಹಾಕಿಕೊಟ್ಟಿದ್ದ. ಮೊದಮೊದಲು ಅದನ್ನು ಬೈದಳು. ಆಮೇಲೆ ಅದರದೇ ಹುಚ್ಚು ಹತ್ತಿತು. ನವಿಲು, ಆನೆ, ಹೂಬಳ್ಳಿ ಎಲ್ಲವನ್ನೂ ಅದರಲ್ಲೇ ಬಿಡಿಸುವಳು. ಅಂಗಡಿಯ ಪಾಲುಗಾರ್ತಿ ಹಾಜರಾಬಿ ಆ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಕಸೂತಿ ಯಂತ್ರಕ್ಕೆ ಕೊಟ್ಟು, ದಾರ ಪೋಣಿಸಿ, ಬಟ್ಟೆಗೆ ಇಳಿಸುವಳು.

ಕಾಲು ಮುರಿದ ಮೇಲೆ ಭಾಗ್ಯಶ್ರೀ ಮನೆಯ ಲ್ಯಾಪ್‌ಟಾಪಿನಿಂದಲೇ, ಇಂಟರ್ನೆಟ್ ಮೂಲಕ, ಅಂಗಡಿಯ ಕಂಪ್ಯೂಟರಿನೊಳಗೆ ಹೊಕ್ಕಳು. ಕಮರಿಪೇಟೆಯ ಕಂಪ್ಯೂಟರಿನಲ್ಲಿದ್ದ ತನ್ನ ನವಿಲುಗಳೆಲ್ಲ ನವನಗರದ ಮಂಚದ ಮೇಲೆ ಮೂಡಿದಾಗ ಚಪ್ಪಾಳೆ ತಟ್ಟಿದಳು.

ಅಂದು ಸಂಜೆ ದೊಡ್ಡ ಪಂದ್ಯವಿತ್ತು. ಅರವತ್ತು ದಾಟಿದ ಹೆಂಗಸರ ಥ್ರೋಬಾಲ್; ನವನಗರಕ್ಕೂ ಬೈರಿದೇವರಕೊಪ್ಪಕ್ಕೂ. ನವನಗರದ ನಾಯಕಿ, ಇಂಗ್ಲಿಷ್ ಕಲಿಸಿ ನಿವೃತ್ತರಾದ ಶಿವಲಿಂಗವ್ವನವರೇ. ತಂಡದ ಟೋಪಿಗಳ ಮೇಲೆ ನವಿಲು, ಅದರ ಕೆಳಗೆ ‘ನವನಗರ’ ಎಂಬ ಹೆಸರು ಬರಬೇಕಿತ್ತು. ಚಿತ್ರ ಸಿದ್ಧವಾಗಿತ್ತು. ಭಾಗ್ಯಶ್ರೀ ಫೋನು ಕಿವಿಗಿಟ್ಟುಕೊಂಡು ಕೂತಳು. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು.

“ಹಾಜರಾಬಿ, ಪೆನ್‌ಡ್ರೈವ್ ಹಚ್ಚಿದೇನ?”

“ಹಚ್ಚೇನಿ. ದೀಪಾನೂ ಮಿಣುಕಾಕತ್ತೈತಿ.”

ಪರದೆಯ ಮೇಲೆ ಪೆನ್‌ಡ್ರೈವಿನ ಗುರುತು ಕಂಡಿತು. ಭಾಗ್ಯಶ್ರೀ ಅದನ್ನು ಒತ್ತಿದಳು. ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಎಂದಿತು ಕಂಪ್ಯೂಟರು.

“ನನ್ನ ಅಂಗಡಿ, ನನ್ನ ಕಂಪ್ಯೂಟರ್, ನನಗ ಅನುಮತಿ ಇಲ್ಲಂತ!” ಎಂದು ಅವಳು ಕಿಸಕ್ಕನೆ ನಕ್ಕಳು.

ಪೆನ್‌ಡ್ರೈವೇ ಕೆಟ್ಟಿರಬೇಕೆಂದು ಹಾಜರಾಬಿ ಪಕ್ಕದ ಓಣಿಯ ಅಣ್ಣನ ಮನೆಯಿಂದ ಇನ್ನೊಂದನ್ನು ತಂದಳು. ಅಂಗಡಿಯ ಪರದೆಯಲ್ಲಿ ತನ್ನ ಖಾತೆ ತೆರೆದು, ಒಳಗೆ ಏನಿದೆಯೋ ನೋಡೋಣವೆಂದು ಒತ್ತಿದ್ದೇ ತಡ, ಫೋನಿನಲ್ಲಿ ಭರ್ಜರಿ ಕವ್ವಾಲಿ ಮೊಳಗಿತು.

“ಇದು ಮಸ್ತ ತೆಗೀತಲ್ಲ!” ಎಂದು ಹಾಡಿಗಿಂತ ಜೋರಾಗಿ ಕೂಗಿದಳು ಹಾಜರಾಬಿ.

ಭಾಗ್ಯಶ್ರೀ ಇಲ್ಲಿಂದ ಒತ್ತಿದರೆ ಅದೇ ಹಳೆಯ ಮಾತು, ಅನುಮತಿ ಇಲ್ಲ. ಫೈಲಿನ ಹಕ್ಕು ಬದಲಿಸುವ ತನಗೆ ಗೊತ್ತಿದ್ದ ಆಜ್ಞೆಗಳನ್ನೆಲ್ಲ ಕೊಟ್ಟಳು. ಪೆನ್‌ಡ್ರೈವ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಜರಾಬಿಯ ಖಾತೆಯಿಂದ ಟೋಪಿಯ ಚಿತ್ರ ತುಂಬಿಸೋಣವೆಂದರೆ, ಅದು ಇದ್ದದ್ದು ಭಾಗ್ಯಶ್ರೀಯ ಖಾತೆಯಲ್ಲಿ, ಬೀಗದೊಳಗೆ.

“ಮತ್ತ ಆಕಿಗೆ ನಿನ್ನ ಪಾಸ್‌ವರ್ಡ್ ಹೇಳಿಬಿಡವಾ,” ಎಂದರು ಶಿವಲಿಂಗವ್ವ. “ಆಕಿನ ತುಂಬತಾಳ.”

ಭಾಗ್ಯಶ್ರೀಯ ಮುಖ ಕೆಂಪಾಯಿತು. “ಅದು... ಹೇಳಾಕ ಬರೂದಿಲ್ರಿ, ಅತ್ಯಾರ.”

“ಯಾಕ? ಅಂಥಾದ್ದೇನೈತಿ ಅದರಾಗ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಹಾಜರಾಬಿ ಕವ್ವಾಲಿ ನಿಲ್ಲಿಸಿ ಹೇಳಿದಳು: “ನೋಡವಾ, ನಾ ಇದರ ಮುಂದ ಕುಂತೇನಿ, ನನಗ ಬಾಗಲಾ ತೆಗೀತೈತಿ. ನೀ ದೂರ ಅದಿ. ನಿನ್ನ ಹೊರಗಿನಾಕಿ ಅಂತ ತಿಳಕೊಂಡೈತೇನ ಇದು?”

ಭಾಗ್ಯಶ್ರೀಯ ನಗು ಗಕ್ಕನೆ ನಿಂತಿತು. “ಇನ್ನೊಮ್ಮಿ ಹೇಳು,” ಎಂದಳು. ಹಾಜರಾಬಿ ಹೇಳಿ ಮುಗಿಸುವ ಮೊದಲೇ ಭಾಗ್ಯಶ್ರೀಯ ಬೆರಳುಗಳು ಇಂಟರ್ನೆಟ್ಟಿನಲ್ಲಿ ಹುಡುಕತೊಡಗಿದ್ದವು. ಸಂಗತಿ ಅದೇ ಆಗಿತ್ತು. ಯಂತ್ರದ ಮುಂದೆ ಕೂತವರನ್ನು ಲಿನಕ್ಸ್ ಮನೆಯವರೆಂದು ನಂಬುತ್ತದೆ. ದೂರದಿಂದ ಬಂದವರು ಒಡೆಯರೇ ಆಗಿದ್ದರೂ ಪೆನ್‌ಡ್ರೈವಿನಂಥ ವಸ್ತುವನ್ನು ಅವರ ಕೈಗೆ ಸುಮ್ಮನೆ ಕೊಡುವುದಿಲ್ಲ. ಕೊಡಬೇಕೆಂದರೆ ಯಂತ್ರದೊಳಗೆ ಒಂದು ನಿಯಮ ಬರೆದಿಡಬೇಕು.

ಬರೆದಳು. ಊರಿಗೆಲ್ಲ ಬಾಗಿಲು ತೆರೆಯದೆ, ತನಗೂ ಹಾಜರಾಬಿಗೂ ಮಾತ್ರ, ಎಲ್ಲಿಂದ ಬಂದರೂ ಪೆನ್‌ಡ್ರೈವ್ ಸಿಗಲಿ ಎಂದು ಬರೆದಳು. ಒತ್ತಿದಳು. ಅನುಮತಿ ಇಲ್ಲ! ನಿಯಮದಲ್ಲಿ ಒಂದು ಕಂಸದ ಚಿಹ್ನೆ ಬಿಟ್ಟುಹೋಗಿತ್ತು. ತಿದ್ದಿ, ಮತ್ತೆ ಉಳಿಸಲು ಹೊರಟಾಗ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತದೆಂಬ ಆತುರದಲ್ಲಿ, ಅದು ಕೇಳುವ ಮೊದಲೇ ಟಪಟಪ ಒತ್ತಿಬಿಟ್ಟಳು. ಮುಚ್ಚಿರಬೇಕಾದ ಅಕ್ಷರಗಳು ಪರದೆಯ ಮೇಲೆ ಬಟಾಬಯಲಾಗಿ ನಿಂತವು.

ಶಿವಲಿಂಗವ್ವ ಕನ್ನಡಕ ಏರಿಸಿದರು. ಜೀವಮಾನವಿಡೀ ಮಕ್ಕಳಿಂದ ಓದಿಸಿದವರು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಎ, ಟಿ, ಟಿ, ಐ... ಅತ್ತಿ. ಟಿ, ಯು, ಎಫ್... ತುಫಾನ. ಅತ್ತಿ ತುಫಾನ?”

ಭಾಗ್ಯಶ್ರೀ ಎರಡೂ ಅಂಗೈಗಳನ್ನು ಪರದೆಗೆ ಅಡ್ಡ ಹಿಡಿದಳು.

“ಅತ್ಯಾರ, ಅದು ಏನಂದ್ರ... ನೀವು ಒಳಗ ಬಂದ್ರ ಮನ್ಯಾಗಿನ ಬಾಗಲಾ ಎಲ್ಲಾ ಧಡಾಧಡಾ ಬಡಕೋತಾವಲ್ರಿ, ಅದಕ್ಕ...” ಭಾಗ್ಯಶ್ರೀಗೆ ಹೆದರಿಕೆಯೂ ನಗುವೂ ಒಟ್ಟಿಗೇ ಬಂದು ಬಿಕ್ಕಳಿಕೆ ಶುರುವಾಯಿತು.

ಶಿವಲಿಂಗವ್ವನವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಕುರ್ಚಿ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಸಾಲ್ಯಾಗ ಹುಡುಗರು ನನಗ ಇದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ರು. ಇದು ಛಲೋ ಐತಿ ಬಿಡು! ಟೊಪಗಿ ಮ್ಯಾಲಿನ ‘ನವನಗರ’ ತಗದು ‘ತುಫಾನ’ ಅಂತ ಹಾಕು. ಪಾಸ್‌ವರ್ಡ್ ಮಾತ್ರ ಲಗೂನ ಬದಲ ಮಾಡು, ಕಮರಿಪೇಟಿತನಕ ಕೇಳಿಸೈತಿ.”

“ಕೇಳಿಸೈತ್ರಿ!” ಎಂದಳು ಫೋನಿನಿಂದ ಹಾಜರಾಬಿ.

ಭಾಗ್ಯಶ್ರೀ ತಿದ್ದಿದ ನಿಯಮವನ್ನು ಉಳಿಸಿದಳು. ಹಾಜರಾಬಿ ತನ್ನ ಖಾತೆಯಿಂದ ಪೆನ್‌ಡ್ರೈವ್ ಬಿಡಿಸಿ, ಕಿತ್ತು, ಮತ್ತೆ ಹಚ್ಚಿದಳು. ಭಾಗ್ಯಶ್ರೀ ಕಣ್ಣು ಮುಚ್ಚಿ ಒತ್ತಿದಳು. ಕಣ್ಣು ಬಿಟ್ಟಾಗ ಪರದೆಯ ತುಂಬ ಕವ್ವಾಲಿಗಳ ಪಟ್ಟಿ! ತೆರೆದಿತ್ತು! “ತೆಗೀತು! ತೆಗೀತು!” ಎಂದು ಸೊಸೆ ಕೂಗಿದಳು, ಅತ್ತೆ ಕೂಗಿದರು, ಅತ್ತ ಹಾಜರಾಬಿ ಕೂಗಿದಳು. ಹೆಸರು ಬದಲಾಯಿತು, ನವಿಲಿನ ಗರಿ ಇನ್ನಷ್ಟು ಕೆದರಿತು, ಚಿತ್ರ ಪೆನ್‌ಡ್ರೈವಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಕಸೂತಿ ಯಂತ್ರದ ಟಕಟಕ ಫೋನಿನಲ್ಲಿ ಕೇಳತೊಡಗಿತು.

ಸಂಜೆ ಹಾಜರಾಬಿ ಟೋಪಿಗಳ ಚೀಲ ಹಿಡಿದು ಬೈರಿದೇವರಕೊಪ್ಪದ ಮೈದಾನಕ್ಕೇ ಬಂದಿಳಿದಳು. ಕೆಲವು ಟೋಪಿಗಳಿಂದ ದಾರ ಇನ್ನೂ ಜೋತಾಡುತ್ತಿತ್ತು. ಎದುರು ತಂಡದ ನಾಯಕಿ ಗೌರಕ್ಕ ಟೋಪಿ ಓದಿ, “ಯಾರವಾ ನಿಮಗ ಈ ಹೆಸರು ಇಟ್ಟಾಕಿ?” ಎಂದಳು.

“ನಮ್ಮ ಸೊಸಿ,” ಎಂದರು ಶಿವಲಿಂಗವ್ವ, ಎದೆಯುಬ್ಬಿಸಿ.

ಮೊದಲ ಆಟ ಬೈರಿದೇವರಕೊಪ್ಪ ಗೆದ್ದಿತು, ಎರಡನೆಯದು ನವನಗರ. ಮೂರನೆಯದರಲ್ಲಿ ಶಿವಲಿಂಗವ್ವ ಎಸೆದ ಚೆಂಡು ಬಲೆ ದಾಟಿ, ಗೌರಕ್ಕನನ್ನು ದಾಟಿ, ಗೋಡೆ ದಾಟಿ, ಯಾರದೋ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯಲ್ಲಿ ಬಿತ್ತು. ಚೆಂಡು ಕೇಳಲು ಎರಡೂ ತಂಡದವರು ಕೂಡಿಯೇ ಆ ಮನೆಗೆ ಹೋದರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದಾಗ ಚೆಂಡು ಗೌರಕ್ಕನ ಕಂಕುಳಲ್ಲಿತ್ತು, ಶಿವಲಿಂಗವ್ವನವರ ಕೈಯಲ್ಲಿ ದೊಡ್ಡ ತಟ್ಟೆಯಂಥ ಪರಾತದ ತುಂಬ, ಮಂಡಕ್ಕಿಗೆ ಬಿಸಿ ಮಸಾಲೆ ಕಲಸಿ ಆ ಮನೆಯವರು ಕೊಟ್ಟ ಗಿರಮಿಟ್ಟು. ಆಟ ಮುಂದುವರಿಸುವುದು ಯಾರಿಗೂ ನೆನಪಾಗಲಿಲ್ಲ. ಮೈದಾನದ ನಡುವೆ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತು, ಹಸಿಮೆಣಸಿನಕಾಯಿ ಕಡಿದುಕೊಳ್ಳುತ್ತ, ಅಂದು ಗೆದ್ದವರು ಯಾರೆಂದು ಬಾಯಿಗೆ ಬಂದಂತೆ ಜಗಳಾಡಿದರು.