ಸಿರವಾರದ ಮಿಲ್ಲಿನಲ್ಲಿ ನಾನು ಹೇಳಿದ ಹೆಸರು

ಖಾಜಾ ಭಾಯ್, ನಿಮ್ಮ ಬಲಗೈ ಮುರಿಸಿದವನು ನಾನು. ಸಿರವಾರದ ರೈಸ್ ಮಿಲ್ಲಿನ ಅಂಗಳದಲ್ಲಿ ರಾಡು ಎತ್ತಿದ್ದು ಯಂಕೋಬ, ಬೀಸಿದ್ದೂ ಅವನೇ — ಆದರೆ ಅದು ಯಾರ ಮೇಲೆ ಬೀಳಬೇಕು ಅಂತ ಹೇಳಿಕೊಟ್ಟ ಬಾಯಿ ನನ್ನದು. ಆರು ವರ್ಷ ಮುಚ್ಚಿಟ್ಟೆ. ಇವತ್ತು ಬರೆಯದಿದ್ದರೆ ಮುಂದೆಂದೂ ಬರೆಯುವುದಿಲ್ಲ, ಅಷ್ಟು ಹೇಡಿ ನಾನು.

ಮಾನ್ವಿಯ ತಗಡಿನ ಶೆಡ್ಡಿನಲ್ಲಿ ಗಿರಾಕಿಯಿಲ್ಲದೆ ನೊಣ ಹೊಡೆಯುತ್ತ ಕೂತಿದ್ದ ನನ್ನನ್ನು ರಾಯಚೂರಿನ ವ್ಯಾಪಾರಸ್ಥರ ಬಳಗಕ್ಕೆ ಕರೆದುಕೊಂಡು ಹೋದವರು ನೀವು. ಪ್ರತಿ ಗುರುವಾರ ಮುಂಜಾನೆ, ಹೋಟೆಲಿನ ಮಹಡಿ, ನಾಷ್ಟಾಕ್ಕೆ ಒಗ್ಗರಣಿ ಮಿರ್ಚಿ. ಒಬ್ಬೊಬ್ಬರಾಗಿ ಎದ್ದು ತಮ್ಮ ದಂಧೆ ಹೇಳಬೇಕು, ಒಬ್ಬರು ಇನ್ನೊಬ್ಬರಿಗೆ ಗಿರಾಕಿ ಕಳಿಸಬೇಕು. ನನ್ನ ಸರದಿ ಬಂದಾಗ ಎದ್ದವನು ಹಾಗೇ ಕೂರಲು ಹೊರಟೆ. ನೀವು ಭುಜ ಹಿಡಿದು, "ಇವ ಅಮರೇಶ. ಮಿಲ್ಲಿನ ಬೆಲ್ಟಿನ ಕೆಲಸದಾಗ ಇವನ ಕೈ ಛಲೋ ಅದ. ನನ್ನ ತಮ್ಮ ಇದ್ದಂಗ" ಅಂದಿರಿ. ಮೆಟ್ಟಿಲಿಳಿಯುವಾಗ, "ಎಲ್ಲಿ ಹೋದ್ರೂ ನನ್ನ ಹೆಸರು ಹೇಳೋ, ಕೆಲಸ ಕೊಡ್ತಾರ" ಅಂದಿರಿ. ಕೊಟ್ಟರು ಕೂಡ. ದೇವದುರ್ಗದಿಂದ ಸಿರವಾರದವರೆಗೆ ಯಾವ ಮಿಲ್ಲಿನವರೂ ನನ್ನನ್ನು ನೀನ್ಯಾರು ಅಂತ ಕೇಳಲಿಲ್ಲ.

ಆದರೆ ಬಳಗದಲ್ಲಿ ಒಂದು ದಂಧೆಗೆ ಒಂದೇ ಕುರ್ಚಿ, ಒಬ್ಬರಿಗೇ ಜಾಗ. ಮೋಟರ್ ರಿಪೇರಿಯ ಕುರ್ಚಿ ನಿಮ್ಮದು. ಆ ಕೆಲಸ ನನಗೂ ಬರುತ್ತಿತ್ತು — ನಿಮಗಿಂತ ಚೆನ್ನಾಗಿ ಅಂತ ಸೊಕ್ಕು ಬೇರೆ. ನೀವು ಕೊಡಿಸಿದ ಚಹಾ ಕುಡಿಯುತ್ತ, ನಿಮ್ಮ ಪಕ್ಕದಲ್ಲೇ ಕೂತು, ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ನಿಮಗೆ ಏಟು ಬೀಳುವ ಹಿಂದಿನ ದಿನ ಮುಂಜಾನೆ ಸಿರವಾರದ ಮಿಲ್ಲಿಗೆ ನೀವು ಬಂದು ಮೋಟರ್ ನೋಡಿ ಹೋದಿರಿ. ಮಧ್ಯಾಹ್ನ ನಾನು ಹೋಗಿ ಬೆಲ್ಟು ಬದಲಿಸಿದೆ. ಬೆಲ್ಟಿಗೆ ಯಾರ ಕೈಯೂ ತಾಗದ ಹಾಗೆ ಕೂರಿಸಿದ್ದ ಕಬ್ಬಿಣದ ಜಾಳಿಗೆಯನ್ನು ಬಿಚ್ಚಿದವನು ನಾನು — ಮತ್ತೆ ಕೂರಿಸಲಿಲ್ಲ. ಮಾಲಕರು ಅವಸರ ಮಾಡಿದರು, ಅದಕ್ಕೇ... ಇಲ್ಲ, ಆ ಮಾತು ಬೇಡ. ನಾಲ್ಕು ಬೋಲ್ಟು. ಬೇಸರವಾಯಿತು, ಬಿಟ್ಟೆ. ಸಂಜೆ ಹಮಾಲ ದುರುಗಪ್ಪನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಮೊಣಕೈತನಕ ಎಳೆದುಕೊಂಡು ಜಜ್ಜಿ ಹಾಕಿತು. ಕೆಳಗಿದ್ದ ತೌಡೆಲ್ಲ ರಕ್ತದಲ್ಲಿ ನೆನೆದು ಮುದ್ದೆಯಾಗಿತ್ತಂತೆ.

ಮರುದಿನ ಮುಂಜಾನೆ ನನ್ನನ್ನು ಮಿಲ್ಲಿಗೆ ಕರೆಸಿದರು. ದುರುಗಪ್ಪನ ತಮ್ಮ ಯಂಕೋಬ ಕೊರಳಪಟ್ಟಿ ಹಿಡಿದು ನನ್ನನ್ನು ಗೋಡೆಗೆ ಒತ್ತಿದ.

"ಜಾಳಿಗಿ ಬಿಚ್ಚಿದ್ದು ಯಾವನ್ಲೇ?"

"ಖಾಜಾಸಾಬ. ಮುಂಜಾನಿ ಮೋಟರ್ ನೋಡಾಕ ಬಿಚ್ಚಿದ್ರು" ಅಂದೆ. ಅವನ ಕೈ ಸಡಿಲಾಯಿತು.

ಅಲ್ಲಿಗೇ ಮುಗಿದಿದ್ದರೆ, ಹೆದರಿಕೆಯಲ್ಲಿ ಬಾಯಿ ತಪ್ಪಿತು ಅನ್ನಬಹುದಿತ್ತು. ನಾನು ಗೇಟು ದಾಟಿ ಬರುವಾಗ ನಿಮ್ಮ ಫೋನ್ ಬಂತು. "ದುರುಗಪ್ಪನ ಮನಿಯವ್ರನ್ನ ಮಾತಾಡ್ಸಬೇಕು, ಮಿಲ್ಲಿಗೆ ಬರಾಕತ್ತೀನಿ. ನೀನೂ ಬಾ, ಕೂಡಿ ಹೋಗೋಣ." ಒಳಗೆ ಐದಾರು ಮಂದಿ ರಾಡು, ಸಲಿಕೆ ಹಿಡಿದು ನಿಂತದ್ದನ್ನು ಕಣ್ಣಾರೆ ನೋಡಿ ಬಂದಿದ್ದೆ. "ನೀವು ಮುಂದ ನಡೀರಿ ಭಾಯ್, ನಾ ಹಿಂದಿಂದ ಬಂದೆ" ಅಂದೆ. ಹೌದು — ಆ ಗಳಿಗೆಯಲ್ಲೂ ನನಗೆ ಬಳಗದ ನಿಮ್ಮ ಕುರ್ಚಿ ನೆನಪಾಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಎದುರಿನ ಚಹಾದಂಗಡಿಯಲ್ಲಿ ನಿಂತು ನೋಡಿದೆ. ಬೈಕು ನಿಲ್ಲಿಸಿ, ಸಲಾಮು ಮಾಡಲು ನೀವು ಎತ್ತಿದ ಕೈಯ ಮೇಲೆಯೇ ಮೊದಲ ಏಟು ಬಿತ್ತು. ಮೂಳೆ ಮುರಿದ ಸದ್ದು ರಸ್ತೆಯಾಚೆಗೆ ಕೇಳಿತು. ಅದೇ ಕೈಗೆ ಇನ್ನೊಂದು, ಮತ್ತೊಂದು. ಬಿದ್ದ ಮೇಲೆ ಪಕ್ಕೆಗೆ ಒದ್ದರು, ಸಲಿಕೆಯ ಹಿಡಿಕೆಯಿಂದ ಬೆನ್ನು ಜಡಿದರು. ಬಾಯಿ ತುಂಬ ರಕ್ತ ತುಂಬಿಕೊಂಡು ನೀವು ಕೂಗಿದಿರಿ, "ಅಮರೇಶನ್ನ ಕೇಳ್ರಿ ಯಪ್ಪಾ, ಅವಗ ಎಲ್ಲಾ ಗೊತ್ತದ!" ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಲೋಟದಲ್ಲಿ ಇನ್ನೂ ಚಹಾ ಇತ್ತು.

ಆಸ್ಪತ್ರೆಯಲ್ಲಿ ನೀವು ಕೇಳಿದ್ದು ಒಂದೇ ಮಾತು. "ಜಾಳಿಗಿ ನೀ ಕೂಡ್ಸಿದ್ದಿ ಹೌದಲ್ಲೋ?" ಕೂಡ್ಸಿದ್ದೆ ಅಂದೆ. ನಂಬಿದಿರಿ! ಮಿಲ್ಲಿನವರೇ ಆಮೇಲೆ ತೆಗೆದಿರಬೇಕು ಅಂದಿರಿ. ಆ ಬೆರಳುಗಳು ಇನ್ನು ಮೋಟರಿನ ತಂತಿ ಸುತ್ತಲಾರವು ಅಂತ ಡಾಕ್ಟರು ಹೇಳಿದ ದಿನ, ಎಡಗೈಯಲ್ಲಿ ಫೋನ್ ಹಿಡಿದು ಒಬ್ಬೊಬ್ಬ ಗಿರಾಕಿಗೂ ಹೇಳಿದಿರಿ — ಇನ್ನ ಅಮರೇಶಗ ಕರೀರಿ. ಬಳಗದಲ್ಲಿ ಚಪ್ಪಾಳೆ ಹೊಡೆದು ನನ್ನನ್ನು ನಿಮ್ಮ ಜಾಗದಲ್ಲಿ ಕೂರಿಸಿದರು. ನಾನು ಕೂತೆ, ನಕ್ಕೆ, ಫೋಟೋ ತೆಗೆಸಿಕೊಂಡೆ.

ಮೊನ್ನೆ ಸಿರವಾರಕ್ಕೆ ಹೋಗಿ ಯಂಕೋಬನಿಗೆ ನಿಜ ಹೇಳಿದೆ. ಹೊಡೆಯಲಿ ಅಂತಲೇ ಹೋಗಿದ್ದೆ. ಹೊಡೆಸಿಕೊಂಡರೆ ಹಗುರಾದೇನು ಅನ್ನುವ ಆಸೆ — ಅದೂ ನನ್ನ ಸ್ವಾರ್ಥವೇ. ಅವನು ಕೈ ಎತ್ತಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಕೂತು ಕೇಳಿದ:

"ಹಂಗಾರ ನಾ ಹೊಡದದ್ದು ಯಾರನ್ನ?"

ದೊಡ್ಡ ಆಳು, ತಲೆ ತಲೆ ಬಡಿದುಕೊಂಡು ಅತ್ತ. ನಿಮ್ಮ ಕೈ ಒಂದೇ ಅಲ್ಲ ಭಾಯ್, ಅವನನ್ನೂ ಕೊಂದಿದ್ದೇನೆ.

ನಾಳೆ ಮುಂಜಾನೆ ಅವನನ್ನು ಕರೆದುಕೊಂಡು ದೇವದುರ್ಗದ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಕಾಲು ಹಿಡಿಯಬೇಕು ಅನ್ನುತ್ತಿದ್ದಾನೆ, ಹಿಡಿಯಗೊಡಬೇಡಿ. ಮನೆಯೊಳಗೆ ಕೂರಿಸಿ ಅವನಿಗೆ ಒಂದಿಷ್ಟು ನೀರು ಕೊಡಿ. ನಾನು ಓಣಿಯಲ್ಲೇ ನಿಂತಿರುತ್ತೇನೆ.