ಮೇಸ್ತ್ರಿಯ ಮೂಗು

ಔಷಧಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೂಗು ಮೇಸ್ತ್ರಿ ಎನ್ನುತ್ತಿದ್ದರು. ರಿಯಾಕ್ಟರ್ ಎಂಬ ಆಳೆತ್ತರದ ಹಂಡೆಗಳ ಮುಂದೆ ಇಪ್ಪತ್ತಾರು ವರ್ಷ ನಿಂತವನು. ಒಣಗಿದ ಪುಡಿಯಲ್ಲಿ ಸಾಲ್ವೆಂಟ್ ಎಂಬ, ಬೇಗ ಹೊತ್ತಿಕೊಳ್ಳುವ ದ್ರಾವಕದ ವಾಸನೆ ಉಳಿದಿದೆಯೋ ಇಲ್ಲವೋ ಎಂದು ಲ್ಯಾಬಿಗಿಂತ ಮೊದಲೇ ಹೇಳಿಬಿಡುತ್ತಿದ್ದ. ಅಂಥವನ ಮೂಗು ನಾಲ್ಕು ವರ್ಷದ ಹಿಂದೆ ಒಂದು ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಹಾಲು ಸೀದು ತಳ ಹಿಡಿದರೂ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತವನನ್ನು ಅವಳು ಮೊದಲು ಬೈದಳು, ಆಮೇಲೆ ಅತ್ತಳು. ಕಾರ್ಖಾನೆಗೆ ಗೊತ್ತಾದರೆ ಕೆಲಸ ಬಿಡಿಸಿ ಗೇಟಿಗೋ ಮನೆಗೋ ಕಳಿಸುತ್ತಾರೆ. ಈಗಲೂ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಹಾಗಾಗಿ ಹಂಡೆಗಳನ್ನು ಕಿತ್ತು ಕೊಳವೆ ಯಂತ್ರ ತಂದಾಗ ಉಳಿದವರೆಲ್ಲ ಮೂಗು ಮುರಿದರೆ, ಇವನೊಬ್ಬ ಬದುಕಿದೆಯಾ ಬಡಜೀವವೇ ಎಂದುಕೊಂಡ. ಎರಡು ಪಂಪುಗಳು ಎರಡು ದ್ರಾವಣಗಳನ್ನು ತಳ್ಳುತ್ತವೆ. ಬಳಪದಷ್ಟೂ ದಪ್ಪವಿಲ್ಲದ ಉದ್ದನೆಯ ಕೊಳವೆಯಲ್ಲಿ ಅವು ಕೂಡಿ, ಬಿಸಿಯಾಗಿ, ಆಚೆ ತುದಿಯಲ್ಲಿ ಔಷಧಿಯಾಗಿ ಹನಿಯುತ್ತವೆ. ಸ್ಕ್ರೀನಿನ ಅಂಕಿ ನೋಡುತ್ತಿದ್ದರೆ ಆಯಿತು, ಮೂಗಿಗೆ ಕೆಲಸವಿಲ್ಲ. ಆದರೆ ಹಂಡೆಗೆ ಕೊನೆ ಎಂಬುದಿತ್ತು. ಸುರಿದು, ತೊಳೆದು, ಒಂದು ಗಳಿಗೆ ಕೂರಬಹುದಿತ್ತು. ಇದು ಮುಗಿಯುವುದೇ ಇಲ್ಲ. ಯಂತ್ರಕ್ಕೇನೋ ದಣಿವಿಲ್ಲ, ಮನುಷ್ಯನ ಸೊಂಟಕ್ಕೆ ಯಾರೂ ಪಂಪು ಜೋಡಿಸಿರಲಿಲ್ಲವಲ್ಲ.

ಮೂರು ದಿನ ನಿಲ್ಲದೆ ಓಡಿಸುವ ಪರೀಕ್ಷೆ ನಡೆದಿತ್ತು. ಕೊನೆಯ ದಿನ ಮಧ್ಯಾಹ್ನ ಒತ್ತಡದ ಅಂಕಿ ಕೂದಲೆಳೆಯಷ್ಟು ಇಳಿಯಿತು. ಗೋಡೆಯ ಅಲಾರಂ ದೊಡ್ಡ ಸೋರಿಕೆಗಷ್ಟೇ ಕೂಗುವಂಥದ್ದು, ಸುಮ್ಮನಿತ್ತು. ಈಗ ನಿಲ್ಲಿಸಿದರೆ ಮೂರು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಯಂತ್ರದ ಹೊಣೆ ಹೊತ್ತ ಇಂಜಿನಿಯರ್, ಅವನ ಮಗಳ ವಯಸ್ಸಿನವಳು, ಮೂಗೊರೆಸಿಕೊಳ್ಳುತ್ತಾ ಬಂದಳು.

"ಮೇಸ್ತ್ರಿ, ನನಗೆ ಶೀತ, ವಾಸನೆ ಒಂದೂ ತಿಳೀತಿಲ್ಲ. ಎಲ್ಲಾದ್ರೂ ಸೋರ್ತಿದೆಯಾ ನೋಡಿ. ನೀವು ಇಲ್ಲ ಅಂದ್ರೆ ಓಡಿಸ್ತೀನಿ."

ಅವನು ಬಗ್ಗಿ ಒಂದೊಂದು ಜಾಯಿಂಟಿನ ಹತ್ತಿರವೂ ಉಸಿರೆಳೆದ. ಗಾಳಿ ತಣ್ಣಗಿತ್ತು, ಅಷ್ಟೇ. ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನಾಲ್ಕು ವರ್ಷದ ರೂಢಿ. ಸಾಲ್ವೆಂಟ್ ಸೋರುತ್ತಿದ್ದರೆ ಒಂದು ಕಿಡಿ ಸಾಕು, ಹುಡುಗಿ ಯಂತ್ರಕ್ಕೆ ಅಂಟಿಕೊಂಡೇ ನಿಂತಿದ್ದಾಳೆ. ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"ನಿಲ್ಲಿಸಮ್ಮ. ನನಗೂ ವಾಸನೆ ತಿಳಿಯಲ್ಲ. ನಾಲ್ಕು ವರ್ಷ ಆಯ್ತು."

ಅವಳು ಯಂತ್ರ ನಿಲ್ಲಿಸಿದಳು. ಕೊಳವೆಗೆ ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದರೆ ಮೂರನೇ ಜಾಯಿಂಟಿನಲ್ಲಿ ಸಣ್ಣಗೆ ಗುಳ್ಳೆ ಎದ್ದಿತು. ಎಲ್ಲವನ್ನೂ ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದಳು, ಅವನ ವಿಷಯವನ್ನೂ. ಬರೆಯಲಿ ಎಂದು ಅವನು ಡ್ರಮ್ಮಿನ ಮೇಲೆ ಕುಸಿದು ಕೂತ. ಇಷ್ಟು ವರ್ಷ ಹೇಗೆ ನಿಭಾಯಿಸಿದಿರಿ ಎಂದು ಅವಳು ಮೆಲ್ಲಗೆ ಕೇಳಿದಳು.

"ಪಕ್ಕದಲ್ಲಿದ್ದವರ ಮುಖ ನೋಡ್ಕೊಂಡು."

ಅವಳು ಕೈಯಲ್ಲಿದ್ದ ಸಾಬೂನು ನೀರಿನ ಬಟ್ಟಲನ್ನು ಕೆಳಗಿಟ್ಟಳು.

"ನಾವೆಲ್ಲಾ ನಿಮ್ಮ ಮುಖ ನೋಡ್ತಿದ್ವಲ್ಲ, ಮೇಸ್ತ್ರಿ."