ಪಾರ್ವತಿಯ ಪುಡಿಗೆ ಬಿದ್ದ ಮೆಣಸು

ಪಾರ್ವತಿಯ ಪುಡಿಗೆ ಕಾಳುಮೆಣಸು ಬೆರೆಸಿದವಳು ನಾನು. ಕೈತಪ್ಪಿ ಬಿದ್ದದ್ದಲ್ಲ. ಪುಡಿಯಲ್ಲಿದ್ದ ಒಣ ನೆಲ್ಲಿಚೆಟ್ಟಿನ ಕಪ್ಪಿನಲ್ಲಿ ಮೆಣಸಿನ ಕಪ್ಪು ಕಾಣುವುದಿಲ್ಲವೆಂದು ಯೋಚಿಸಿ, ನುಣ್ಣಗೆ ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ಬೆರೆಸಿದ್ದು. ಅದನ್ನು ಕುಡಿದವರು ನನ್ನ ಗಂಡ. ಕೆಟ್ಟ ಹೆಸರು ಹೊತ್ತವಳು ಪಾರ್ವತಿ.

ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಸಂಜೆ ಸಾಲಾಗಿ ಕನ್ಫೆಷನ್‌ಗೆ ಹೋಗುತ್ತಿದ್ದರು. ಹೊರಬರುವಾಗ ಮುಖ ಹಗುರಾಗಿರುತ್ತಿತ್ತು. ವಿಭೂತಿ ಹಚ್ಚಿಕೊಂಡು ಹೋಗುತ್ತಿದ್ದ ನಮಗೆ ಆ ಸೌಕರ್ಯ ಇರಲಿಲ್ಲ. ಮಾಡಿದ್ದೆಲ್ಲ ನಮ್ಮೊಳಗೇ ಉಳಿಯುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ದಾವಣಗೆರೆಗೆ ಬಂದಿದ್ದೆ. ನಮ್ಮವರು ಹತ್ತಿ ಮಿಲ್ಲೊಂದರ ಆಫೀಸಿನಲ್ಲಿದ್ದರು. ಸಂಜೆ ಮಿಲ್ಲಿನ ಗೆಳೆಯರ ಜೊತೆ ಮಂಡಕ್ಕಿ, ಮಿರ್ಚಿ ಬಜ್ಜಿ. ರಾತ್ರಿ ಎದೆಯುರಿ, ಹುಳಿತೇಗು. ನನಗೆ ಸಿಸ್ಟರ್‌ಗಳು ಹೈಜೀನ್ ಕಲಿಸಿದ್ದರು, ಡಯಟ್ ಕಲಿಸಿದ್ದರು. ಬಾರ್ಲಿ ವಾಟರ್ ಕಾಯಿಸಿಕೊಟ್ಟೆ. ಉಪ್ಪು ಖಾರವಿಲ್ಲದೆ ತರಕಾರಿ ಬೇಯಿಸಿ ಪ್ಲೇಟಿನಲ್ಲಿಟ್ಟೆ. ಶಿಕ್ಷೆಗೆ ನಿಂತ ಹುಡುಗನ ಹಾಗೆ ನುಂಗಿದರು, ಮಾರನೆಯ ಸಂಜೆ ಮತ್ತೆ ಮಿರ್ಚಿ ತಿಂದು ಬಂದರು. ನಾನು ಹೇಳಿದೆ, ಬೇಡಿಕೊಂಡೆ, ಮಾತು ಬಿಟ್ಟೆ — ಏನೂ ನಡೆಯಲಿಲ್ಲ.

ಹರಿಹರದಲ್ಲಿ ಅವರ ಸೋದರಮಾವನ ಮನೆ. ಮಾವನ ಮಗಳು ಪಾರ್ವತಿ. ಚಿಕ್ಕಂದಿನಿಂದ ಇವರಿಗೇ ಎಂದು ಅಂದುಕೊಂಡಿದ್ದ ಹುಡುಗಿ. ನನ್ನ ಮಾವನವರಿಗೆ ಇಂಗ್ಲಿಷ್ ಕಲಿತ ಸೊಸೆ ಬೇಕೆನಿಸಿದ್ದರಿಂದ ಆ ಮಾತು ಮುರಿದುಬಿತ್ತು. ಅವಳನ್ನು ಅದೇ ಊರಿಗೆ ಕೊಟ್ಟರು. ಒಳ್ಳೆಯ ಗಂಡ, ಸೊಂಟದ ಮೇಲೊಂದು, ಸೆರಗು ಹಿಡಿದುಕೊಂಡೊಂದು ಮಗು. ಕೊರಗುವ ಹೆಣ್ಣಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ — ಅವಳಿಗೆ ಸದಾ ನಗು. ಮಕ್ಕಳ ಕೆಮ್ಮಿಗೆ, ಬಾಣಂತಿಯರ ಬೆನ್ನುನೋವಿಗೆ, ಬಾಯಿಹುಣ್ಣಿಗೆ ನೆಂಟರೆಲ್ಲ ಅವಳ ಬಳಿಗೇ ಓಡುತ್ತಿದ್ದರು. ಅವಳ ಕೈಗುಣ ಒಳ್ಳೆಯದು ಎನ್ನುವುದು ಆ ಕಡೆಯವರ ನಂಬಿಕೆ. ಕೆಲವೊಮ್ಮೆ ವಾಸಿಯಾಗುತ್ತಿತ್ತು, ಕೆಲವೊಮ್ಮೆ ಇಲ್ಲ, ಆದರೂ ಓಡುತ್ತಿದ್ದರು.

ಒಂದು ಭಾನುವಾರ ರೈಲಿನಲ್ಲಿ ಅಲ್ಲಿಗೆ ಹೋಗಿದ್ದೆವು. ಇವರು ಎದೆ ಉಜ್ಜಿಕೊಳ್ಳುವುದನ್ನು ಕಂಡು ಏನು ಕೊಡುತ್ತೀರಿ ಎಂದು ಅವಳು ಕೇಳಿದಳು. ಹೇಳಿದೆ. ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಕ್ಕಾ, ಇದು ಜ್ವಾಳದ ರೊಟ್ಟಿ ತಿಂದು ಬೆಳೆದ ಹೊಟ್ಟೆ. ಇಂಗ್ಲಿಷ್ ಮಾತಾಡಿದ್ರೆ ಕೇಳಂಗಿಲ್ರಿ.” ಎಲ್ಲರೂ ನಕ್ಕರು. ಇವರೂ ನಕ್ಕರು — ಅದು ನನಗೆ ನಾಟಿತು. ಜೀರಿಗೆ, ಕೊತ್ತಂಬರಿ ಬೀಜ, ನೆಲ್ಲಿಚೆಟ್ಟು ಕುಟ್ಟಿದ ಪುಡಿಯನ್ನು ಒಂದು ಹಿತ್ತಾಳೆ ಡಬ್ಬಿಯಲ್ಲಿ ತುಂಬಿ, ತಿಳಿಮಜ್ಜಿಗೆಗೆ ಹಾಕಿ ಕುಡಿಯಲು ಹೇಳಿದಳು. ಆಮೇಲೆ ಇವರ ಕಡೆ ತಿರುಗಿ, ಮಿರ್ಚಿ ಮುಟ್ಟಿದರೆ ಈ ಮನೆ ಹೊಸ್ತಿಲು ತುಳಿಯಬ್ಯಾಡ ಮಾವ, ಎಂದಳು.

ಅಂದಿನಿಂದ ಮಿರ್ಚಿ ನಿಂತುಹೋಯಿತು.

ನಾನು ವರ್ಷವಿಡೀ ಹೇಳಿ ಆಗದ್ದು! ಎದೆಯುರಿ ಇಳಿಯಿತು, ನಿದ್ದೆ ಬಂತು, ಮುಖಕ್ಕೆ ಕಳೆ ಬಂತು. ಹೆಂಡತಿಯಾದವಳಿಗೆ ಸಂತೋಷವಾಗಬೇಕಿತ್ತು. ನನಗೆ ಆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಕೇಳಿದರೆ ಮೈಯುರಿಯುತ್ತಿತ್ತು. ಪುಡಿ ಮುಗಿಯುತ್ತ ಬಂದರೆ ಅವರಿಗೆ ಹರಿಹರದ ನೆನಪು. ಹೋಗಿ ಬಂದ ದಿನ ಮಾತೆಲ್ಲ ಪಾರು ಹಾಗಂದಳು, ಪಾರು ಹೀಗಂದಳು. ಜೆಲಸಿ ಎಂಬ ಪದದ ಸ್ಪೆಲ್ಲಿಂಗ್ ನನಗೆ ಎಂಟನೆಯ ವಯಸ್ಸಿಗೇ ಬರುತ್ತಿತ್ತು. ಅದು ಮನೆಯ ಅಡುಗೆ ಗೂಡಿನಲ್ಲಿ ಹಿತ್ತಾಳೆ ಡಬ್ಬಿಯಾಗಿ ಕೂತಿರುತ್ತದೆಂದು ಯಾವ ಸಿಸ್ಟರ್ ಕೂಡ ಹೇಳಿರಲಿಲ್ಲ.

ಅವರಿಗೆ ಅಪಾಯವಾಗಲೆಂದಲ್ಲ — ಇಲ್ಲ, ಇಲ್ಲಿ ನೆಪ ಹೇಳಬಾರದು. ಸ್ವಲ್ಪ ಉರಿಯಲಿ ಎಂದುಕೊಂಡೆ. ಅವಳ ಪುಡಿಯಿಂದಲೇ ಉರಿಯಲಿ ಎಂದುಕೊಂಡೆ. ಅದಕ್ಕೇ ಮೆಣಸು ಬೆರೆಸಿದೆ.

ಮೊದಲ ಗುಟುಕಿಗೇ ಅವರು ಮುಖ ಕಿವಿಚಿದರು. “ಪಾರು ಈ ಸಲ ಏನೋ ಬ್ಯಾರೆ ಹಾಕ್ಯಾಳೆ,” ಅಂದರು. “ಇರ್ಲಿ. ಅವಳಿಗೆ ಗೊತ್ತಿರ್ತೈತೆ.” ಪೂರ್ತಿ ಕುಡಿದರು.

ಆ ಒಂದು ಮಾತು ಬರದಿದ್ದರೆ ಉಳಿದ ಪುಡಿಯನ್ನು ಚೆಲ್ಲುತ್ತಿದ್ದೆನೋ ಏನೋ. ನಾನಿಟ್ಟ ತಟ್ಟೆಯನ್ನು ಅವರು ಎಂದೂ ಅಷ್ಟು ನಂಬಿ ಉಂಡಿರಲಿಲ್ಲ. ಮಾರನೆಯ ದಿನ ಇನ್ನಷ್ಟು ಬೆರೆಸಿದೆ.

ಉರಿ ಮರಳಿತು. ಪುಡಿ ಸಾಲದೆಂದು ಅವರು ಇನ್ನೊಂದು ಹೊತ್ತೂ ಕುಡಿಯತೊಡಗಿದರು. ನಾನು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಆಫೀಸಿನಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದರು. ಜಟಕಾದಲ್ಲಿ ಮನೆಗೆ ಕರೆತಂದರು. ವಾಂತಿಯಲ್ಲಿ ರಕ್ತದ ಎಳೆಯಿತ್ತು. ಡಾಕ್ಟರು ಬಂದು ಏನು ತಿಂದಿದ್ದರು ಎಂದು ಕೇಳಿದರು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಇಂಗ್ಲಿಷಿನಲ್ಲಿ, ಒಳ್ಳೆಯ ಉಚ್ಚಾರಣೆಯಲ್ಲಿ ಹೇಳಿದೆ — ಹರಿಹರದ ನೆಂಟರು ಕೊಡುವ ಏನೋ ಕಂಟ್ರಿ ಮೆಡಿಸಿನ್, ಡಾಕ್ಟರ್.

ಪುಡಿ ನಿಲ್ಲಿಸಿದರು. ಗಂಜಿ, ಹಾಲು, ಡಾಕ್ಟರ ಔಷಧ. ಬಡಿಸಿದವಳು ನಾನು, ಪಕ್ಕದಲ್ಲಿ ಕೂತವಳು ನಾನು. ಅವರು ಚೇತರಿಸಿಕೊಂಡ ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಸುದ್ದಿ ತಿಳಿದು ಪಾರ್ವತಿ ಮಗುವನ್ನೆತ್ತಿಕೊಂಡು ಬೆಳಗಿನ ರೈಲಿಗೆ ಬಂದಳು. ಅವಳು ಕೂರುವ ಮೊದಲೇ ಇವರು ಕೇಳಿದರು: “ಏನ್ ಹಾಕಿದ್ದಿ ಪಾರು ಅದ್ರಾಗೆ?” ಡಬ್ಬಿಯನ್ನು ನಾನು ಎಸೆದಿರಲಿಲ್ಲ, ಅವಳ ವಿರುದ್ಧ ಸಾಕ್ಷಿಗೆಂದು ಇಟ್ಟುಕೊಂಡಿದ್ದೆ, ನಾನೇ ತಂದುಕೊಟ್ಟೆ. ಅವಳು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡಳು. ತಲೆ ಎತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತಲ್ಲ.

“ನಂದೇ ತಪ್ಪು ಮಾವ,” ಅಂದಳು. “ಕೈತಪ್ಪಿ ಮೆಣಸು ಬಿದ್ದೈತೆ. ನೋಡ್ಲಿಲ್ಲ ನಾನು.”

ಹೊರಡುವಾಗ ಬಾಗಿಲವರೆಗೆ ಹೋದೆ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಅಂದಳು: “ಸಿಟ್ಟು ನನ್ನ ಮ್ಯಾಲಿತ್ತು ಅಕ್ಕಾ. ಹೊಟ್ಟೆ ಅವರದಿತ್ತಲ್ರಿ.”

ಅಷ್ಟೇ. ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ — ಆದರೆ ಆ ಎರಡು ಮೌನ ಒಂದೇ ಅಲ್ಲ.

ಮದುವೆ ಮುಂಜಿಗಳಲ್ಲಿ ನಮ್ಮವರು, “ಪಾರು ಪುಡಿ ಬ್ಯಾಡ್ರಪ್ಪಾ, ನಾನು ಬದುಕಿ ಬಂದೋನು,” ಎಂದು ತಮಾಷೆ ಮಾಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ತಮಾಷೆ ನೆಂಟರ ಬಾಯಲ್ಲಿ ನಿಜವಾಗಿ ಕೂತಿತು. ಮಗುವಿನ ಕೆಮ್ಮಿಗೆಂದು ಅವಳ ಹೊಸ್ತಿಲಿಗೆ ಬರುವುದನ್ನು ಹೆಂಗಸರು ಬಿಟ್ಟರು. ವರ್ಷಗಳ ಮೇಲೆ ಅವಳ ಸ್ವಂತ ಸೊಸೆಯಂದಿರು ಅವಳು ಕಾಯಿಸಿದ ಕಷಾಯವನ್ನು ಹಿತ್ತಲಿಗೆ ಹೋಗಿ ಚೆಲ್ಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆಗಲೂ ಬಾಯಿ ತೆರೆಯಲಿಲ್ಲ. ನಮ್ಮವರು ಅವಳು ಹೇಳಿದ ಸುಳ್ಳನ್ನೇ ನಂಬಿಕೊಂಡು ತೀರಿಹೋದರು.

ಈಗಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿದೆ. ಕಾರಣ ಮಾತ್ರ ಬೇರೆ. ಅವರು ತಮ್ಮ ಮನೆಯ ಅನ್ನವನ್ನು ಅನುಮಾನಿಸದೆ ಉಣ್ಣಲೆಂದು ಅವಳು ನಿಂತ ಕಾಲಲ್ಲಿ ತನ್ನ ಹೆಸರನ್ನು ಬಿಟ್ಟುಕೊಟ್ಟಳು. ಅಂಥದ್ದೊಂದನ್ನು ಅವರಿಗಾಗಿ ನಾನು ಒಂದು ದಿನವೂ ಮಾಡಲಿಲ್ಲ.

ಪಾರ್ವತಿ ಹರಿಹರದಲ್ಲಿದ್ದಾಳೆ. ಕಣ್ಣು ಮಂಜಾಗಿದೆಯಂತೆ, ಕಿವಿ ಚುರುಕಾಗಿದೆಯಂತೆ. ಈ ಭಾನುವಾರ ಹೋಗುತ್ತೇನೆ. ಸೊಸೆಯಂದಿರೂ ಮೊಮ್ಮಕ್ಕಳೂ ನಡುಮನೆಯಲ್ಲಿ ಸೇರಿರುವಾಗ, ಎಲ್ಲರಿಗೂ ಕೇಳುವ ಹಾಗೆ, ಇಂಗ್ಲಿಷ್ ಬೆರೆಸದೆ ಹೇಳುತ್ತೇನೆ. ಆಮೇಲೆ ನನ್ನ ಹೊಟ್ಟೆಗೊಂದು ಚಿಟಿಕೆ ಪುಡಿ ಕೊಡೆಂದು ಅವಳ ಮುಂದೆ ಕೈಯೊಡ್ಡುತ್ತೇನೆ.

ಕೊಡದಿದ್ದರೆ — ಅವಳು ಕೊಡಬೇಕಾಗಿಲ್ಲ.